ಒಂದು ಮಂಡಲ, ಎಪ್ಪತ್ತೆಂಟು ಎಲೆ: ಟ್ಯಾರೋ ಕಾರ್ಡು ಮುಂದಿಟ್ಟುಕೊಂಡು ಬರೆದ 48 ದಿನ

ದಾವಣಗೆರೆಯಲ್ಲಿ ಟ್ಯಾರೋ, ಅಂದರೆ ಇಸ್ಪೀಟಿನಂಥ ಚಿತ್ರದ ಎಲೆಗಳ ಕಟ್ಟು, ಎಂದ ಕೂಡಲೇ ಜನ ಕೇಳುವುದು ಒಂದೇ ಮಾತು: "ಭವಿಷ್ಯ ಹೇಳ್ತೀರೇನ್ರಿ?" ಕೇಳುವುದರಲ್ಲಿ ತಪ್ಪೇನಿಲ್ಲ. ಗಿಳಿ ಶಾಸ್ತ್ರದವರ ಪಂಜರ, ಬುಡಬುಡಿಕೆಯವರ ನಸುಕಿನ ನುಡಿ, ದೇವರ ಬಲಗಡೆ ಹೂವು ಬೀಳಲಿ ಎಂದು ಕಣ್ಣಿಟ್ಟು ಕಾಯುವುದು, ಮೈಲಾರದ ಕಾರಣಿಕಕ್ಕೆ ಕಿವಿಗೊಡುವುದು, ಹೀಗೆ ನಾಳೆಯನ್ನು ಕೇಳಿ ತಿಳಿಯುವ ದಾರಿಗಳು ನಮ್ಮ ಸೀಮೆಯಲ್ಲಿ ಎಷ್ಟೋ ಇವೆ. ಇಲ್ಲಿ ಬರೆಯುತ್ತಿರುವುದು ಬೇರೆಯೇ ಕೆಲಸದ ಬಗ್ಗೆ. ದಿನಕ್ಕೊಂದು ಕಾರ್ಡು ಎತ್ತುವುದು, ಅದರ ಚಿತ್ರವನ್ನು ಸಾವಕಾಶ ನೋಡುವುದು, ಒಂದು ಪುಟ ಬರೆಯುವುದು. ಹೀಗೆ 48 ದಿನ, ನಮ್ಮ ಲೆಕ್ಕದಲ್ಲಿ ಒಂದು ಮಂಡಲ. ನಾಲ್ಕೈದು ಜನ ಸೇರಿ ಇದನ್ನು ಒಂದಕ್ಕಿಂತ ಹೆಚ್ಚು ಸಲ ಮಾಡಿದ್ದೇವೆ. ಭಾನುವಾರ ಒಟ್ಟಿಗೆ, ಉಳಿದ ದಿನ ಅವರವರ ಮನೆಯಲ್ಲಿ. ಯಾರ ಬದುಕಿನಲ್ಲಿ ಏನಾಯಿತು ಎಂಬುದು ಅವರವರ ನೋಟ್‌ಬುಕ್ಕಿನಲ್ಲಿದೆ, ಅಲ್ಲೇ ಇರಲಿ. ಕೆಲಸ ಹೇಗೆ ನಡೆಯಿತು, ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂಬುದನ್ನಷ್ಟೇ ಬಿಡಿಸಿ ಹೇಳುತ್ತೇವೆ.

ಕಟ್ಟಿನಿಂದಲೇ ಶುರು ಮಾಡಬೇಕು. ಟ್ಯಾರೋ ಕಟ್ಟಿನಲ್ಲಿ 78 ಎಲೆ. 22 ದೊಡ್ಡವು, ಮೇಜರ್ ಅರ್ಕಾನಾ. ಸೊನ್ನೆ ಸಂಖ್ಯೆಯ ಫೂಲ್‌ನಿಂದ 21ನೆಯ ವರ್ಲ್ಡ್‌ವರೆಗೆ. ಉಳಿದ 56 ಮೈನರ್ ಅರ್ಕಾನಾ. ಅದರಲ್ಲಿ ಕೋಲು, ಬಟ್ಟಲು, ಕತ್ತಿ, ನಾಣ್ಯ ಎಂದು ನಾಲ್ಕು ಜಾತಿ, ಒಂದೊಂದಕ್ಕೆ 14 ಎಲೆ: ಎಕ್ಕದಿಂದ ಹತ್ತರವರೆಗೆ, ಮೇಲೆ ಪೇಜ್, ನೈಟ್, ಕ್ವೀನ್, ಕಿಂಗ್. ಇಸ್ಪೀಟು ಆಡಿದವರಿಗೆ ಗುಲಾಮ, ರಾಣಿ, ರಾಜನ ಜೊತೆಗೆ ಒಬ್ಬ ಕುದುರೆ ಸವಾರನೂ ಸೇರಿದ್ದಾನೆ ಎಂದರೆ ಸಾಕು, ಲೆಕ್ಕ ಕೂಡುತ್ತದೆ. ಇದು ಹುಟ್ಟಿದ್ದೂ ಆಟಕ್ಕೇ, 15ನೆಯ ಶತಮಾನದ ಉತ್ತರ ಇಟಲಿಯಲ್ಲಿ. ಈ ಎಲೆಗಳಲ್ಲಿ ಈಜಿಪ್ಟಿನ ಹಳೆಯ ಜ್ಞಾನ ಅಡಗಿದೆ ಎಂದು 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಬರೆದರು. ಅದಕ್ಕೆ ಆಧಾರವಿರಲಿಲ್ಲ. ಆದರೂ ಭವಿಷ್ಯ ಹೇಳುವವರ ಕೈಗೆ ಕಟ್ಟು ಹೋದದ್ದು ಆ ಕಾಲದಲ್ಲೇ. ನಮ್ಮ ಗಂಜೀಫಾ ನೋಡಿದವರಿಗೆ ಇದೇನೂ ಹೊಸದಾಗಿ ಕಾಣುವುದಿಲ್ಲ. ದಶಾವತಾರ ಗಂಜೀಫಾದಲ್ಲಿ ಹತ್ತು ಜಾತಿ, ತಲಾ 12, ಒಟ್ಟು 120 ದುಂಡು ಎಲೆ. ಅದೂ ಚಿತ್ರ ತುಂಬಿದ ಆಟವೇ.

ನಮ್ಮ ಕೆಲಸಕ್ಕೆ ಬೇಕಾದದ್ದು 1909ರಲ್ಲಿ ಲಂಡನ್ನಿನ ರೈಡರ್ ಪ್ರಕಾಶನ ಹೊರತಂದ ಮಾದರಿ. ಯೋಜನೆ ಆರ್ಥರ್ ಎಡ್ವರ್ಡ್ ವೇಟ್ ಅವರದು, ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಇದನ್ನೇ ಯಾಕೆ ಆರಿಸಬೇಕು ಎಂದರೆ, ಫ್ರಾನ್ಸಿನ ಹಳೆಯ ಮಾರ್ಸೇ ಮಾದರಿಯಲ್ಲಿ ಬಟ್ಟಲಿನ ಐದು ಎಂದರೆ ಬರೀ ಐದು ಬಟ್ಟಲು ಜೋಡಿಸಿಟ್ಟ ಚಿತ್ರ, ಅಷ್ಟೆ. ಸ್ಮಿತ್ ಅವರ ಕೈಯಲ್ಲಿ ಅದೇ ಕಾರ್ಡು ಒಂದು ಸನ್ನಿವೇಶವಾಯಿತು: ಕಪ್ಪು ನಿಲುವಂಗಿ ಹೊದ್ದ ಒಬ್ಬರು ತಲೆ ತಗ್ಗಿಸಿ ನಿಂತಿದ್ದಾರೆ, ಮುಂದೆ ಮೂರು ಬಟ್ಟಲು ಉರುಳಿವೆ, ಬೆನ್ನ ಹಿಂದೆ ಎರಡು ನೆಟ್ಟಗೆ ನಿಂತಿವೆ, ಆಚೆ ಹೊಳೆ, ಹೊಳೆಗೊಂದು ಸೇತುವೆ. 56 ಸಣ್ಣ ಎಲೆಗಳಲ್ಲೂ ಹೀಗೆ ನೋಡಲು ಏನಾದರೂ ಇದೆ. ಅವರ ಹೆಸರಿನ ಅಕ್ಷರಗಳನ್ನು ಬಳ್ಳಿಯಂತೆ ಹೆಣೆದ ಪುಟ್ಟ ಸಹಿ ಕಾರ್ಡಿನ ಮೂಲೆಯಲ್ಲಿರುತ್ತದೆ. ಬಹಳ ಕಾಲ ಕಟ್ಟಿಗೆ ಪ್ರಕಾಶಕರ ಹೆಸರು, ವೇಟ್ ಹೆಸರು ಮಾತ್ರ ಇತ್ತು. ಈಗ ಸ್ಮಿತ್ ಹೆಸರನ್ನೂ ಸೇರಿಸಿ ಹೇಳುತ್ತಾರೆ, ಅದು ನ್ಯಾಯ.

ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ಸಾಮಾನ್ಯ ಅಳತೆ 70 ಮಿಲಿಮೀಟರ್ ಅಗಲ, 120 ಉದ್ದ. ಅದಕ್ಕಿಂತ ಚಿಕ್ಕ ಕಟ್ಟು ಜೇಬಿಗೆ ಸರಿ, ಕಣ್ಣಿಗೆ ಸಾಲದು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ನಕಲು ಕಟ್ಟುಗಳೂ ನಡೆಯುತ್ತವೆ, ಆದರೆ ಅಂಚು ಕತ್ತರಿಸಿ ಹೋಗಿರುತ್ತದೆ, ಬಣ್ಣ ಕಪ್ಪಿಟ್ಟಿರುತ್ತದೆ. ಪರೀಕ್ಷೆಗೆ ಮೇಲೆ ಹೇಳಿದ ಬಟ್ಟಲಿನ ಐದನ್ನೇ ತೆಗೆಯಿರಿ. ಹಿಂದಿನ ಎರಡು ಬಟ್ಟಲು ಮತ್ತು ಸೇತುವೆ ನಿಚ್ಚಳ ಕಂಡರೆ ಮುದ್ರಣ ಪರವಾಗಿಲ್ಲ. ಅವು ಕತ್ತಲಲ್ಲಿ ಮುಳುಗಿದ್ದರೆ ವಾಪಸ್ ಕಳಿಸಿ, ಏಕೆಂದರೆ ಆ ಕಾರ್ಡಿನ ಜೀವ ಇರುವುದೇ ಅಲ್ಲಿ. ಬಂದ ದಿನವೇ ಎಣಿಸಿ. ಕೆಲವು ಕಟ್ಟಿನಲ್ಲಿ ಒಂದೆರಡು ಖಾಲಿ ಎಲೆ ಅಥವಾ ಜಾಹೀರಾತಿನ ಎಲೆ ಸೇರಿರುತ್ತವೆ, ಅವನ್ನು ತೆಗೆದಿಟ್ಟು 78 ಆಯಿತೇ ನೋಡಬೇಕು. ಈಚೆಗೆ ಬರುವ ಹೊಸ ಕಟ್ಟುಗಳಲ್ಲಿ ಚಿತ್ರದ ಕೆಳಗೆ 'ಧೈರ್ಯ', 'ಬಿಡುಗಡೆ' ಎಂದೆಲ್ಲ ಅಚ್ಚು ಹಾಕಿರುತ್ತಾರೆ. ನೋಡಲು ಚೆಂದ, ಆದರೆ ಈ ಅಭ್ಯಾಸಕ್ಕೆ ಬೇಡ. ಕಣ್ಣು ಮೊದಲು ಪದಕ್ಕೆ ಹೋಗುತ್ತದೆ, ಅಲ್ಲೇ ಕೂತುಬಿಡುತ್ತದೆ.

ಇದೇ ಕಾರಣಕ್ಕೆ ಕಟ್ಟಿನ ಜೊತೆ ಬರುವ ಅರ್ಥದ ಕೈಪಿಡಿಯನ್ನು ಮೊದಲ ದಿನವೇ ಬೇರೆ ಕೋಣೆಯಲ್ಲಿ ಇಡಿಸುತ್ತೇವೆ. ಈ ಇಡೀ 48 ದಿನದಲ್ಲಿ ನಮಗೆ ಫಲ ಸಿಕ್ಕಿದ್ದು ಕೈಪಿಡಿ ತೆರೆಯುವುದಕ್ಕೆ ಮುಂಚಿನ ಐದು ನಿಮಿಷದಲ್ಲಿ. ಬೇರೆಲ್ಲ ಏರ್ಪಾಡು ಆ ಐದು ನಿಮಿಷವನ್ನು ಕಾಯುವುದಕ್ಕೆ.

ಬೇಕಾದ ಸಾಮಾನು ಹೆಚ್ಚಿಲ್ಲ. 200 ಪುಟದ ಗೆರೆ ನೋಟ್‌ಬುಕ್ಕು, ಒಂದು ಪೆನ್ನು, ಕಾರ್ಡು ಹಾಸಲು ಎರಡು ಅಡಿ ಚೌಕದ ದಪ್ಪ ಹತ್ತಿ ಬಟ್ಟೆ. ನೈಲಾನ್ ಬಟ್ಟೆಯ ಮೇಲೆ ಎಲೆ ಜಾರುತ್ತದೆ, ಬರೀ ಗ್ರಾನೈಟ್ ನೆಲದಲ್ಲಿ ಎಲೆಯ ತುದಿ ಎತ್ತಲು ಹೋಗಿ ಉಗುರಿನಿಂದ ಮಡಿಕೆ ಬೀಳುತ್ತದೆ. ಸಮಯಕ್ಕೆ ಗೋಡೆ ಗಡಿಯಾರವೇ ಒಳ್ಳೆಯದು. ಮೊಬೈಲಿನಲ್ಲಿ ಟೈಮರ್ ಇಟ್ಟವರು ಮೆಸೇಜು ನೋಡಿಯೇ ನೋಡಿದರು. ಒಟ್ಟು 20 ನಿಮಿಷ ಬೇಕು: ಕಲಸಲು ಎರಡು, ಪ್ರಶ್ನೆ ಬರೆಯಲು ಎರಡು, ನೋಡಲು ಐದು, ಬರೆಯಲು ಹತ್ತು, ಕೊನೆಯ ಸಾಲಿಗೆ ಒಂದು. ಬೆಳಿಗ್ಗೆ ಮಾಡುವುದು ಮೇಲು, ಆದರೆ ನಮ್ಮಲ್ಲಿ ನಲ್ಲಿ ನೀರು ಬಿಡುವ ದಿನ ಬೆಳಗಿನ ಅಭ್ಯಾಸ ತಪ್ಪುತ್ತದೆ. ಡ್ರಮ್ಮು ತುಂಬುವ ಸದ್ದು ಕಿವಿಯಲ್ಲಿದ್ದಾಗ ಯಾರೂ ಚಿತ್ರ ನೋಡಲಾರರು. ಆ ದಿನಗಳಿಗೆ ಮೊದಲೇ ರಾತ್ರಿ ಒಂಬತ್ತೂವರೆ ಎಂದು ಬರೆದಿಟ್ಟುಕೊಂಡವರು ಮಂಡಲ ಮುಗಿಸಿದರು. 'ಬಿಡುವಾದಾಗ ಮಾಡೋಣ' ಎಂದವರು ಎರಡನೇ ವಾರಕ್ಕೆ ನಿಂತರು.

ಕಲಸುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಹೊಸ ಕಟ್ಟು ಸಂಖ್ಯೆಯ ಸಾಲಿನಲ್ಲಿ ಬರುತ್ತದೆ. ಇಸ್ಪೀಟಿನಂತೆ ಒಂದು ಹಿಡಿ ತೆಗೆದು ಮುಂದಕ್ಕೆ ಹಾಕುತ್ತ ಹೋದರೆ ಎಲೆಗಳು ಗುಂಪುಗುಂಪಾಗಿಯೇ ಉಳಿಯುತ್ತವೆ. ಮೂರು ದಿನ ಸತತ ಕತ್ತಿಯೇ ಬಂತು ಎಂದು ಗಾಬರಿಯಾದವರ ಕಟ್ಟು ತೆರೆದರೆ ಕತ್ತಿಗಳೆಲ್ಲ ಒತ್ತಟ್ಟಿಗೆ ಇದ್ದವು. ಎರಡು ಭಾಗ ಮಾಡಿ ತುದಿಗಳನ್ನು ಫರ್ರೆಂದು ಒಂದರೊಳಗೊಂದು ಬಿಡುವ ರೀತಿಯಲ್ಲಿ 52 ಎಲೆಗೆ ಏಳು ಸಲ ಸಾಕು ಎಂದು ಗಣಿತಜ್ಞರು 1992ರಲ್ಲಿ ತೋರಿಸಿದರು. 78 ಎಲೆಗೆ ಒಂದೆರಡು ಸಲ ಹೆಚ್ಚು ಬೇಕು. ಆದರೆ ಈ ದೊಡ್ಡ ಎಲೆಗೆ ಆ ರೀತಿ ಮಾಡಿದರೆ ಚಿಕ್ಕ ಕೈಯವರಿಗೆ ನಡು ಬಾಗುತ್ತದೆ. ನಮಗೆ ಒಗ್ಗಿದ್ದು ಸುಲಭದ ದಾರಿ: ಎಲ್ಲ ಎಲೆಯನ್ನು ಮುಖ ಕೆಳಗಾಗಿ ಬಟ್ಟೆಯ ಮೇಲೆ ಹರಡಿ, ಎರಡೂ ಅಂಗೈಯಿಂದ ಮಂಡಕ್ಕಿ ಕಲಸುವ ಹಾಗೆ ಒಂದು ನಿಮಿಷ ಸುತ್ತಿಸುವುದು. ಮಂಡಕ್ಕಿಯ ಮಾತು ಬಂದದ್ದಕ್ಕೆ ಇನ್ನೊಂದು: ಮಿರ್ಚಿ ತಿಂದ ಕೈಯಲ್ಲಿ ಎಲೆ ಮುಟ್ಟಬೇಡಿ. ಎಣ್ಣೆ ಕಲೆ ಕಾಗದಕ್ಕೆ ಇಳಿದರೆ ಹೋಗುವುದಿಲ್ಲ, ಮೇಲಾಗಿ ಬೆನ್ನ ಮೇಲೆ ಗುರುತು ಬಿದ್ದ ಎಲೆ ಎತ್ತುವ ಮುಂಚೆಯೇ ಗೊತ್ತಾಗಿಬಿಡುತ್ತದೆ. ಭಾನುವಾರ ತಿಂಡಿಯನ್ನು ನಾವು ಎಲೆ ಕಟ್ಟಿಟ್ಟ ಮೇಲೆ ತರಿಸುವುದು ಇದಕ್ಕೇ.

ಎತ್ತಿದ ಎಲೆಯನ್ನು ಸಂಜೆ ಕಟ್ಟಿಗೆ ಮರಳಿ ಸೇರಿಸುತ್ತೇವೆ. ಹಾಗಾಗಿ ಒಂದೇ ಕಾರ್ಡು ಮತ್ತೆ ಬರುತ್ತದೆ, ಜನ ಬೆರಗಾಗುತ್ತಾರೆ. ಲೆಕ್ಕ ಹೇಳಿದರೆ ಬೆರಗು ಹತೋಟಿಗೆ ಬರುತ್ತದೆ. 78ರಲ್ಲಿ ದಿನಕ್ಕೊಂದು ಎತ್ತಿದರೆ 11ನೆಯ ದಿನದ ಹೊತ್ತಿಗೆ ಯಾವುದೋ ಒಂದು ಕಾರ್ಡು ಎರಡನೇ ಸಲ ಬಂದಿರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 48 ದಿನದಲ್ಲಿ ಒಮ್ಮೆಯಾದರೂ ಎರಡು ದಿನ ಬೆನ್ನುಬೆನ್ನಿಗೆ ಒಂದೇ ಕಾರ್ಡು ಬರುವ ಸಾಧ್ಯತೆ ನೂರಕ್ಕೆ ಸುಮಾರು 45. ಇದನ್ನು ಮೊದಲ ಭಾನುವಾರವೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ 'ಅದೇ ಕಾರ್ಡು ನನ್ನ ಬೆನ್ನು ಬಿಡ್ತಿಲ್ಲ' ಎಂಬ ಯೋಚನೆ ಹತ್ತಿಕೊಂಡು ನೋಡುವ ಕೆಲಸ ಹಿಂದೆ ಬೀಳುತ್ತದೆ.

ಪ್ರಶ್ನೆಯ ಬಳಿ ನಾವು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತೆವು. ಮೊದಲ ವಾರದ ಪ್ರಶ್ನೆಗಳು ಎಲ್ಲರವೂ ಒಂದೇ ಅಚ್ಚಿನವು. ಸೈಟಿನ ರಿಜಿಸ್ಟ್ರೇಷನ್ ಆಗುತ್ತದೋ ಇಲ್ಲವೋ? ಮಗನಿಗೆ ಸೀಟು ಸಿಗುತ್ತದಾ? ಅತ್ತೆ ಯಾಕೆ ಹೀಗೆ ಆಡ್ತಾರೆ? ಚಿತ್ರದ ಎದುರು ಇಂಥ ಪ್ರಶ್ನೆ ಇಟ್ಟುಕೊಂಡು ಕೂತರೆ ಕಣ್ಣು ಶಕುನ ಹುಡುಕಲು ತೊಡಗುತ್ತದೆ: ಸೂರ್ಯ ಇದ್ದಾನೆ, ಆಗುತ್ತದೆ, ಮೋಡ ಇದೆ, ಆಗುವುದಿಲ್ಲ. ಅಲ್ಲಿಗೆ ಮುಗಿಯಿತು, ಬರೆಯಲು ಏನೂ ಉಳಿಯುವುದಿಲ್ಲ. ತಿದ್ದುತ್ತಾ ತಿದ್ದುತ್ತಾ ನಮಗೆ ಕೆಲವು ಕಟ್ಟಳೆ ಸಿಕ್ಕವು. ಪ್ರಶ್ನೆಯಲ್ಲಿ 'ನಾನು' ಇರಬೇಕು, ಇನ್ನೊಬ್ಬರ ಮನಸ್ಸಿನೊಳಗೆ ಇಣುಕಬಾರದು. ಹೌದು ಅಥವಾ ಇಲ್ಲ ಎಂದು ಮುಗಿಯಬಾರದು. ಕಳೆದ ಮೂರು ದಿನದೊಳಗಿನ ಒಂದು ಗಳಿಗೆಯನ್ನು ಮುಟ್ಟಬೇಕು. 'ಯಾಕೆ' ಎಂದು ಶುರುವಾಗಬಾರದು. ಯಾಕೆ ಎಂದರೆ ಮನಸ್ಸು ಗಾಣದೆತ್ತಿನಂತೆ ಅಲ್ಲಲ್ಲೇ ಸುತ್ತುತ್ತದೆ, ಸಿಟ್ಟೂ ಏರುತ್ತದೆ. 'ಏನು', 'ಎಲ್ಲಿ', 'ಯಾವಾಗ' ಎಂದರೆ ನಿಂತು ನೋಡುತ್ತದೆ. ಹೀಗೆ ತಿದ್ದಿದಾಗ ಸೈಟಿನ ಪ್ರಶ್ನೆ 'ಈ ಸೈಟಿನ ವಿಚಾರದಲ್ಲಿ ಯಾವ ಕಾಗದ ಕೇಳುವುದನ್ನು ನಾನು ಮುಂದೂಡುತ್ತಿದ್ದೇನೆ?' ಎಂದಾಯಿತು. ಅತ್ತೆಯ ಪ್ರಶ್ನೆ 'ಮೊನ್ನೆ ಅಡಿಗೆಮನೆಯಲ್ಲಿ ಮಾತು ಏರಿದಾಗ ನಾನು ಹೇಳದೆ ನುಂಗಿಕೊಂಡ ಮಾತು ಏನು?' ಎಂದಾಯಿತು. ಈ ತಿದ್ದುಪಡಿ ಕಾರ್ಡು ಎತ್ತುವ ಮುಂಚೆಯೇ ಆಗಬೇಕು. ಎತ್ತಿದ ಮೇಲೆ ಪ್ರಶ್ನೆ ಬದಲಿಸಿದರೆ ಚಿತ್ರಕ್ಕೆ ತಕ್ಕಂತೆ ಪ್ರಶ್ನೆಯನ್ನು ಬಗ್ಗಿಸುತ್ತೇವೆ, ಅದು ಗೊತ್ತಾಗದೆಯೇ ನಡೆಯುತ್ತದೆ. ಆದ್ದರಿಂದ ಪ್ರಶ್ನೆಯನ್ನು ಪೆನ್ನಿನಲ್ಲಿ ಬರೆದು ಅಡಿಗೆರೆ ಎಳೆದು ಆಮೇಲೆ ಕೈ ಎಲೆಗೆ.

ಈಗ ಆ ಐದು ನಿಮಿಷ. ಎತ್ತಿದ್ದು ಕತ್ತಿಯ ಎಂಟು ಎಂದಿಟ್ಟುಕೊಳ್ಳಿ. ಮೊದಲ ಎರಡು ನಿಮಿಷ ಕಂಡದ್ದನ್ನು ಮಾತ್ರ ಬರೆಯಬೇಕು, 'ಪಾಪ', 'ಭಯಂಕರ' ಎಂಬ ಮಾತು ಬರಕೂಡದು. ಹೆಂಗಸು. ಕಣ್ಣಿಗೆ ಪಟ್ಟಿ. ಮೈಗೆ, ತೋಳಿಗೆ ಬಟ್ಟೆ ಸುತ್ತಿ ಕಟ್ಟಿದೆ. ಸುತ್ತ ನೆಲಕ್ಕೆ ನೆಟ್ಟ ಎಂಟು ಕತ್ತಿ. ಕೆಳಗೆ ಒದ್ದೆ ನೆಲ, ಅಲ್ಲಲ್ಲಿ ನೀರು. ಹಿಂದೆ ಎತ್ತರದ ಬಂಡೆ, ಮೇಲೆ ಕೋಟೆ. ಆಮೇಲೆ ಒಂದು ಸಾಲು: ನನ್ನ ಕಣ್ಣು ಮೊದಲು ಎಲ್ಲಿ ಹೋಯಿತು? ಲಂಡನ್ನಿನಲ್ಲಿ ಈ ಚಿತ್ರ ನೋಡುವವರ ಕಣ್ಣು ಎಲ್ಲಿ ಹೋಗುತ್ತದೋ, ಚಿತ್ರದುರ್ಗದವರ ಕಣ್ಣು ನೇರ ಆ ಬಂಡೆಯ ಮೇಲಿನ ಕೋಟೆಗೆ ಹೋಗುತ್ತದೆ. ಏಳು ಸುತ್ತಿನ ಕೋಟೆಯ ನೆರಳಲ್ಲಿ ಬೆಳೆದವರಿಗೆ ಅದು ಬರೀ ಹಿನ್ನೆಲೆ ಆಗಲಾರದು: ಕೋಟೆ ಇದ್ದೂ ಇವಳು ಹೊರಗೆ ಯಾಕಿದ್ದಾಳೆ, ಅಥವಾ ಕೋಟೆಯಿಂದಲೇ ತಂದು ಬಿಟ್ಟರೋ ಎಂಬ ಮಾತು ಅವರ ಪುಟದಲ್ಲಿ ತಾನಾಗಿ ಬರುತ್ತದೆ. ಉಳಿದ ಮೂರು ನಿಮಿಷ ಕಣ್ಣು ಹೋಗದ ಜಾಗಗಳನ್ನು ಹುಡುಕುವುದಕ್ಕೆ. ನಾಲ್ಕನೇ ನಿಮಿಷದಲ್ಲಿ ಸಾಮಾನ್ಯವಾಗಿ ಒಬ್ಬರಾದರೂ ಪೆನ್ನು ಎತ್ತುತ್ತಾರೆ: ಕಾಲು ಕಟ್ಟಿಲ್ಲ. ನಂತರ ಇನ್ನೊಂದು ಕಾಣುತ್ತದೆ: ಕತ್ತಿಗಳು ಪೂರ್ತಿ ಸುತ್ತುವರಿದಿಲ್ಲ, ಎದುರುಗಡೆ ಬಯಲು. ಹೀಗೆ ತಡವಾಗಿ ಕಂಡದ್ದನ್ನು ಸುತ್ತು ಹಾಕಿ ಗುರುತು ಮಾಡಬೇಕು. ಬರವಣಿಗೆ ಶುರುವಾಗುವುದು ಆ ಸುತ್ತಿನಿಂದ.

ಇದೇ ಕಾರ್ಡಿಗೆ ವೇಟ್ ಕೊಟ್ಟಿರುವ ಅರ್ಥಗಳಲ್ಲಿ ಕೆಟ್ಟ ಸುದ್ದಿ, ನಿಂದೆ, ಕಾಯಿಲೆ ಎಲ್ಲ ಇವೆ. ಕೈಪಿಡಿ ಮೊದಲು ಓದಿದವರ ಪುಟದಲ್ಲಿ ಕಾಲಿನ ಮಾತು ಒಮ್ಮೆಯೂ ಬರಲಿಲ್ಲ. ಕಾಯಿಲೆಯ ಮಾತು ಬಂತು, ಬಿ.ಪಿ. ಚೆಕ್ ಮಾಡಿಸಬೇಕೇನೋ ಎಂಬ ಆತಂಕ ಬಂತು. ಕೈಪಿಡಿಯನ್ನು ಭಾನುವಾರ ತೆರೆಯುತ್ತೇವೆ, ಓದಿ ಮುಚ್ಚುತ್ತೇವೆ. ಚಿತ್ರದ ಹಿಂದಿನ ಸಂಪ್ರದಾಯ ತಿಳಿಯುವುದು ಒಳ್ಳೆಯದೇ, ಅದಕ್ಕೆ ಅದರ ಸರದಿ ಇದೆ.

ನಾಣ್ಯದ ಏಳು ಬಂದಾಗಲೂ ಊರಿನ ಕಣ್ಣು ಕೆಲಸ ಮಾಡುವುದನ್ನು ಕಂಡಿದ್ದೇವೆ. ಸಲಕೆಯ ಹಿಡಿಗೆ ಗದ್ದ ಊರಿ ನಿಂತ ರೈತ, ಮುಂದಿನ ಗಿಡದಲ್ಲಿ ಬಿಟ್ಟ ನಾಣ್ಯಗಳನ್ನು ನೋಡುತ್ತಿದ್ದಾನೆ. ಚನ್ನಗಿರಿ ಕಡೆಯವರು ಅಡಿಕೆ ತೋಟ ಎಂದರು, ಚಳ್ಳಕೆರೆಯವರು ಮಳೆಗೆ ಕಾದ ಶೇಂಗಾ ಹೊಲ ಎಂದರು. ಎರಡು ಪುಟದ ದಾರಿಯೂ ಬೇರೆ. ಅಡಿಕೆಯವರದು ವರ್ಷಗಟ್ಟಲೆ ಕಾಯುವ ಲೆಕ್ಕ, ಶೇಂಗಾದವರದು ಇನ್ನೊಂದು ವಾರದಲ್ಲಿ ಮುಗಿಯುವ ಲೆಕ್ಕ. ಯಾವ ಕೈಪಿಡಿಯಲ್ಲೂ ಇದು ಸಿಗುವುದಿಲ್ಲ.

ಬರೆಯುವ ಹತ್ತು ನಿಮಿಷ ಪೆನ್ನು ನಿಲ್ಲಬಾರದು. ಕಾಗುಣಿತ ನೋಡುವ ಹಾಗಿಲ್ಲ, ಆಡುಮಾತು ಬಂದರೆ ಆಡುಮಾತೇ. ಪುಸ್ತಕದ ಕನ್ನಡದಲ್ಲಿ ಬರೆದ ಪುಟಗಳು ಸಭ್ಯವಾಗಿದ್ದವು, ಒಳಗೆ ಏನೂ ಇರಲಿಲ್ಲ. ಮಾತು ತಡವರಿಸಿದಾಗ ತನ್ನ ಹೆಸರು ಹಿಡಿದು ತನ್ನನ್ನೇ ಕರೆದು ಬರೆಯುವುದು ಸಹಾಯ ಮಾಡುತ್ತದೆ: ನೋಡವ್ವ, ಅವತ್ತು ನೀನು ಸುಮ್ಮನಿದ್ದೆಯಲ್ಲ, ಏನಾಗಿತ್ತು? ಒಡಹುಟ್ಟಿದವರು ಕೇಳಿದ ಹಾಗೆ ಕೇಳಿದರೆ ಉತ್ತರವೂ ಮೆತ್ತಗೆ ಬರುತ್ತದೆ. ಕೊನೆಯ ಸಾಲು ಮಾತ್ರ ಕಟ್ಟುನಿಟ್ಟು: 24 ಗಂಟೆಯೊಳಗೆ ಮಾಡಬಹುದಾದ, ಕಾಲು ಗಂಟೆಗಿಂತ ಹೆಚ್ಚು ಹಿಡಿಯದ ಒಂದು ಕೆಲಸ, ಹೊತ್ತು ಸಮೇತ. 'ಇನ್ನು ಮೇಲೆ ಧೈರ್ಯವಾಗಿರುತ್ತೇನೆ' ಎಂಬುದು ಕೆಲಸವಲ್ಲ. 'ಸಂಜೆ ಆರಕ್ಕೆ ಅಣ್ಣನಿಗೆ ಫೋನ್ ಮಾಡಿ ಪಹಣಿ ನಕಲು ಕೇಳುವುದು' ಎಂಬುದು ಕೆಲಸ. ಈ ಸಾಲು ಬಿಟ್ಟವರಿಗೆ ಅಭ್ಯಾಸ ದಿನದ ಹವ್ಯಾಸವಾಗಿ ಉಳಿಯಿತು, ಬದುಕಿಗೆ ತಾಗಲಿಲ್ಲ.

ಮೊದಲ ವಾರ ಕೆಡಿಸುವುದು ಎರಡನೇ ಕಾರ್ಡು. ಬಂದದ್ದು ಇಷ್ಟವಾಗಲಿಲ್ಲ, 'ಇನ್ನೊಂದು ನೋಡೋಣ' ಎಂದು ಕೈ ಹೋಗುತ್ತದೆ. ಅಲ್ಲಿಗೆ ಎರಡೂ ಹಾಳು: ಮೊದಲನೆಯದನ್ನು ನೋಡಿಲ್ಲ, ಎರಡನೆಯದು ಬೇಕೆಂದೇ ಆರಿಸಿದ್ದು. ಒಂದೇ ಕಾರ್ಡು ಎಂದರೆ ಒಂದೇ. ತಲೆಕೆಳಗಾಗಿ ಬಂದರೆ ನೆಟ್ಟಗೆ ತಿರುಗಿಸುತ್ತೇವೆ. ತಲೆಕೆಳಗಿಗೆ ಬೇರೆ ಅರ್ಥ ಹೇಳುವ ಪದ್ಧತಿ ಇದೆ, ಆದರೆ ನಮ್ಮದು ನೋಡುವ ಕೆಲಸ. ತಲೆಕೆಳಗಾದ ಚಿತ್ರವನ್ನು ಐದು ನಿಮಿಷ ನೋಡಿದರೆ ಕೊರಳು ನೋಯುತ್ತದೆ, ಅಷ್ಟೆ.

ಎರಡನೇ ವಾರ ಬೇರೆ ತೊಂದರೆ. 'ಎಷ್ಟು ಸರಿಯಾಗಿ ಹೇಳ್ತದೆ ನೋಡ್ರಿ!' ಎಂಬ ಸಂತೋಷ. ಮನಶ್ಶಾಸ್ತ್ರಜ್ಞ ಬರ್ಟ್ರಾಂ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ 'ಇದು ನಿಮ್ಮ ಸ್ವಭಾವದ ವಿವರ' ಎಂದು ಒಂದೊಂದು ಹಾಳೆ ಕೊಟ್ಟರು. ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4ಕ್ಕಿಂತ ಹೆಚ್ಚು ಅಂಕ ಹಾಕಿದರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ, ಹಾಗಾಗಿ ಮೂರನೇ ಭಾನುವಾರ ಒಂದು ಅದಲುಬದಲು ಮಾಡಿಸುತ್ತೇವೆ. ಎಲ್ಲರೂ ಪ್ರಶ್ನೆ ಬರೆದು ಕಾರ್ಡು ಎತ್ತಿ, ನೋಡದೆ ಪಕ್ಕದವರಿಗೆ ದಾಟಿಸುವುದು. ನನ್ನ ಪ್ರಶ್ನೆ, ನಿಮ್ಮ ಕಾರ್ಡು. ಬರೆದ ಪುಟಗಳು ಯಾವತ್ತಿನಷ್ಟೇ ಚೆನ್ನಾಗಿ ಬರುತ್ತವೆ. ಈ ಹೊತ್ತಿಗೆ ಕೆಲವರ ಮುಖ ಬಾಡುತ್ತದೆ, ಹಾಗಾದರೆ ಕಾರ್ಡಿನಲ್ಲಿ ಏನೂ ಇಲ್ಲವೇ ಎಂದು. ಚಿತ್ರವಿದೆ, ಅದನ್ನು ನೋಡಿದ ನಿಮ್ಮ ಕಣ್ಣಿದೆ, ಎರಡೂ ಖರೆ. ಆ ಭಾನುವಾರದ ನಂತರ ಪುಟಗಳು ಗಟ್ಟಿಯಾಗುತ್ತವೆ. ಕಾರ್ಡು ಏನು ಹೇಳಿತು ಎಂಬ ಸಾಲು ಕಡಿಮೆಯಾಗಿ ನಾನು ಏನು ಕಂಡೆ ಎಂಬ ಸಾಲು ಹೆಚ್ಚುತ್ತದೆ.

ಡೆತ್, ಟವರ್, ಡೆವಿಲ್ ಈ ಮೂರಕ್ಕೆ ಮನೆಮಂದಿಯೆಲ್ಲ ಹೆದರುತ್ತಾರೆ. ಮೂರರಲ್ಲೊಂದು ಬರುವ ಸಾಧ್ಯತೆ ದಿನಕ್ಕೆ 26ರಲ್ಲಿ ಒಂದು, ಅಂದರೆ ಮಂಡಲದಲ್ಲಿ ಸರಾಸರಿ ಎರಡು ಸಲದ ಹತ್ತಿರ. ಬಂದೇ ಬರುತ್ತದೆ ಎಂದುಕೊಂಡು ತಯಾರಾಗಿರಬೇಕು. ನಮ್ಮ ಗುಂಪಿನ ಇಬ್ಬರ ನಡುವೆ ನಡೆದ ಮಾತು ಹೀಗಿತ್ತು:

"ಅಕ್ಕಾ, ಡೆತ್ ಬಂದೈತಲ್ಲ. ಇವತ್ತು ದುರ್ಗಕ್ಕೆ ಹೋಗೋದು ಬ್ಯಾಡೇನೋ?"

"ಬಸ್ಸಿಗೆ ಹೋಗಾಕಿ ಹೋಗವ್ವ. ಮೊದ್ಲು ಆ ಚಿತ್ರದಾಗೆ ಕೂಸು ಏನ್ ಮಾಡ್ತೈತಿ, ನೋಡಿ ಬರಿ."

ಬಿಳಿ ಕುದುರೆ ಮೇಲೆ ಕಪ್ಪು ಕವಚದ ಅಸ್ಥಿಪಂಜರ, ಕೈಯಲ್ಲಿ ಬಿಳಿ ಹೂವಿನ ಗುರುತಿರುವ ಕಪ್ಪು ಬಾವುಟ. ರಾಜ ನೆಲಕ್ಕೆ ಬಿದ್ದಿದ್ದಾನೆ, ಧರ್ಮಗುರು ಕೈಜೋಡಿಸಿ ನಿಂತಿದ್ದಾನೆ, ಹುಡುಗಿ ಮುಖ ತಿರುಗಿಸಿದ್ದಾಳೆ, ಕೂಸು ಮಾತ್ರ ಮಂಡಿಯೂರಿ ಕುದುರೆಯ ಕಡೆಗೇ ಮುಖ ಎತ್ತಿದೆ. ದೂರದಲ್ಲಿ ಎರಡು ಗೋಪುರದ ನಡುವೆ ಸೂರ್ಯ. ನಾಲ್ಕು ಜನ, ನಾಲ್ಕು ರೀತಿ. ಮುಗಿಯುತ್ತಿರುವ ಯಾವ ವಿಷಯದ ಮುಂದೆ ನಾನು ಯಾರ ಹಾಗೆ ನಿಂತಿದ್ದೇನೆ ಎಂದು ಕೇಳಿಕೊಂಡರೆ ಹತ್ತು ನಿಮಿಷ ಸಾಲುವುದಿಲ್ಲ. ಮನೆಯ ಹಿರಿಯರಿಗೆ ಕಾರ್ಡು ಕೈಗೆ ಕೊಟ್ಟು ಚಿತ್ರ ತೋರಿಸುವುದೇ ಒಳ್ಳೆಯದು. ಬಚ್ಚಿಟ್ಟು ಮಾಡಿದರೆ ಮಾಟವೋ ಮಂತ್ರವೋ ಎಂಬ ಅನುಮಾನ ಬೆಳೆಯುತ್ತದೆ.

ತಪ್ಪಿದ ದಿನಕ್ಕೆ ಮಾರನೇ ದಿನ ಎರಡು ಎತ್ತಬಾರದು. ತಾರೀಖು ಹಾಕಿ 'ಇಲ್ಲ' ಎಂದು ಬರೆದು ಮುಂದೆ ಹೋಗುವುದು. ನೆಂಟರು ಬಂದ ದಿನ, ಜಾತ್ರೆಯ ದಿನ ತಪ್ಪುವುದು ಸಹಜ. ಆದರೆ ಒಂದೇ ವಿಷಯದ ಪ್ರಶ್ನೆ ಬರೆದ ಮಾರನೇ ದಿನವೇ ಮತ್ತೆ ಮತ್ತೆ 'ಇಲ್ಲ' ಬಿದ್ದಿದ್ದರೆ ಅದನ್ನೂ ಗಮನಿಸಬೇಕು.

ಐದನೇ ವಾರದಿಂದ ಭಾನುವಾರ ಮಾತ್ರ ಮೂರು ಕಾರ್ಡು: ಕಂಡದ್ದು, ಕಾಣದೆ ಹೋದದ್ದು, ಮಾಡುವುದು. 78ರಲ್ಲಿ ಮೂರು ಎಲೆ ಸಾಲಾಗಿ ಬರುವ ಬಗೆ 4,56,456. ಜೋಡಿಗಳ ಅರ್ಥ ಬಾಯಿಪಾಠ ಮಾಡಿ ಉಪಯೋಗವಿಲ್ಲ ಎಂದು ಇದರಿಂದಲೇ ತಿಳಿಯುತ್ತದೆ. ಮೂರನ್ನು ಸಾಲಾಗಿ ಇಟ್ಟು ಯಾರು ಯಾರ ಕಡೆ ನೋಡುತ್ತಿದ್ದಾರೆ, ಯಾರು ಬೆನ್ನು ಹಾಕಿದ್ದಾರೆ ಎಂಬುದನ್ನು ಬರೆದರೆ ಸಾಕು. ಹತ್ತು ಕಾರ್ಡು ಹರಡುವ ಸೆಲ್ಟಿಕ್ ಕ್ರಾಸ್ ಎಂಬ ಜೋಡಣೆ ಹೆಸರುವಾಸಿ, ಆದರೆ ಒಂದೊಂದಕ್ಕೆ ಐದು ನಿಮಿಷ ಕೊಟ್ಟರೆ ನೋಡುವುದಕ್ಕೇ 50 ನಿಮಿಷ. ಆರನೇ ಕಾರ್ಡಿನ ಹೊತ್ತಿಗೆ ಕಣ್ಣು ಸೋಲುತ್ತದೆ.

ಒಂದು ಭಾನುವಾರ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕೂರೋಣ ಎಂದು 60 ಕಿಲೋಮೀಟರ್ ಹೋಗಿದ್ದೂ ಉಂಟು. ಬಂಡೆ, ನೀರು, ಮೌನ ಎಲ್ಲ ಚೆಂದ. ಆದರೆ ಗಾಳಿಗೆ ಹರಡಿದ ಎಲೆ ನಿಲ್ಲುವುದಿಲ್ಲ, ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನೆಟ್ಟ ಊರು ಅದು. ಕೋಟೆಯೊಳಗಾದರೆ ಮಂಗಗಳ ಕಾಟ, ಕೈಯಲ್ಲಿದ್ದದ್ದು ತಿಂಡಿ ಎಂದೇ ತಿಳಿಯುತ್ತವೆ. ಹೊರಗೆ ಹೋಗುವುದಾದರೆ ಮನೆಯಲ್ಲೇ ಕಲಸಿ, ಒಂದು ಕಾರ್ಡನ್ನು ನೋಡದೆ ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಹೋಗಿ.

ಭಾರವಾದ ವಿಷಯ ಬರೆದ ಮೇಲೆ ಒಂದೆರಡು ಗಂಟೆ ಮನಸ್ಸು ಕುಗ್ಗುವುದು ಸಹಜ. ಮನಸ್ಸಿನ ಗಾಯಗಳ ಬಗ್ಗೆ ಬರೆಯುವುದನ್ನು ಮೊದಲು ವ್ಯವಸ್ಥಿತವಾಗಿ ಪರೀಕ್ಷಿಸಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಅವರ 1986ರ ಅಧ್ಯಯನದಲ್ಲಿ ಬರೆಸಿದ್ದೂ ನಾಲ್ಕು ದಿನ, ದಿನಕ್ಕೆ 15 ನಿಮಿಷ ಮಾತ್ರ. ಬರೆದ ಕೂಡಲೇ ಬೇಸರ ಹೆಚ್ಚುವುದು ಅಲ್ಲೂ ಕಂಡಿತ್ತು. ಹಾಗಾಗಿ ಒಂದೇ ನೋವನ್ನು ನಾಲ್ಕು ದಿನಕ್ಕಿಂತ ಹೆಚ್ಚು ಸತತ ಬರೆಯಲು ಬಿಡುವುದಿಲ್ಲ, ಐದನೇ ದಿನ ಪ್ರಶ್ನೆ ಬದಲಾಗಬೇಕು. ಕತ್ತಿಯ ಒಂಬತ್ತರಲ್ಲಿ ಹಾಸಿಗೆಯಲ್ಲಿ ಎದ್ದು ಕೂತು ಮುಖ ಮುಚ್ಚಿಕೊಂಡವರ ಚಿತ್ರವಿದೆ. ಅದು ಚಿತ್ರವಾಗಿ ಉಳಿಯದೆ ದಿನದ ರಾತ್ರಿಯೇ ಆಗಿಬಿಟ್ಟರೆ, ಎರಡು ವಾರ ನಿದ್ದೆ ಊಟ ಕೆಟ್ಟರೆ, ಬದುಕು ಸಾಕೆನಿಸಿದರೆ, ಕಟ್ಟು ಮುಚ್ಚಿಟ್ಟು ವೈದ್ಯರ ಬಳಿ ಹೋಗಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈ ಸಂಖ್ಯೆ ಬರೆಸಿಯೇ ಮಂಡಲ ಶುರು ಮಾಡುವುದು. ಔಷಧಿ, ಸಾಲ, ಮದುವೆ ಇವುಗಳ ತೀರ್ಮಾನವನ್ನು ಕಾರ್ಡು ನೋಡಿ ಮಾಡುವುದಿಲ್ಲ. ಪಕ್ಕದ ಮನೆಯವರು ಮಗಳ ಸಂಬಂಧದ ಬಗ್ಗೆ 'ಒಂದು ಎಲೆ ತೆಗೀರಿ' ಎಂದು ಬಂದರೆ ಚಹಾ ಕೊಟ್ಟು, ಇದು ಅದಕ್ಕಲ್ಲ ಎಂದು ಸಮಾಧಾನವಾಗಿ ಹೇಳಬೇಕು. ಒಂದು ಸಲ ಒಪ್ಪಿದರೆ ಬೀದಿಯೆಲ್ಲ ಬರುತ್ತದೆ.

ನೋಟ್‌ಬುಕ್ಕನ್ನು ಯಾರಾದರೂ ಓದುತ್ತಾರೆ ಎಂಬ ಅಳುಕಿದ್ದರೆ ಪೆನ್ನು ಸುಳ್ಳು ಬರೆಯುತ್ತದೆ. ಕೂಡುಕುಟುಂಬದಲ್ಲಿ ಬೀಗವಿರುವ ಕಪಾಟು ಎಲ್ಲರಿಗೂ ಇರುವುದಿಲ್ಲ. ಹೆಸರುಗಳಿಗೆ ಒಂದೊಂದು ಅಕ್ಷರ, ಅದೂ ಅವರ ಹೆಸರಿನ ಮೊದಲಕ್ಷರ ಬಿಟ್ಟು ಬೇರೆಯದು, ಎಂದು ಮಾಡಿಕೊಂಡವರು ನಿರಾಳವಾಗಿ ಬರೆದರು.

48ನೆಯ ದಿನ ಕಾರ್ಡು ಎತ್ತುವುದಿಲ್ಲ ಎಂದು ಕೆಲವರು ತಿಳಿಯುತ್ತಾರೆ. ಎತ್ತಬೇಕು, ಬರೆಯಬೇಕು, ಆಮೇಲೆ ಎರಡು ಗಂಟೆ ಬಿಡುವು ಮಾಡಿಕೊಂಡು ಮೊದಲ ಪುಟದಿಂದ ಓದಬೇಕು. ಕೆಂಪು ಪೆನ್ನಿನಲ್ಲಿ ಕೊನೆಯ ಸಾಲಿನ ಕೆಲಸಗಳಲ್ಲಿ ಆದದ್ದಕ್ಕೆ ಟಿಕ್, ಆಗದ್ದಕ್ಕೆ ಸುತ್ತು. ನೀಲಿಯಲ್ಲಿ ಮತ್ತೆ ಮತ್ತೆ ಬಂದ ಅಕ್ಷರಗಳಿಗೆ, ಅಂದರೆ ಜನರಿಗೆ, ಗುರುತು. ಸುತ್ತು ಬಿದ್ದ ಕೆಲಸಗಳನ್ನು ಒಂದು ಹಾಳೆಗೆ ಇಳಿಸಿದರೆ ಅವು ಚೆಲ್ಲಾಪಿಲ್ಲಿ ಇರುವುದಿಲ್ಲ. ಹೆಚ್ಚಿನವು ಒಬ್ಬಿಬ್ಬರ ಜೊತೆ ಆಡಬೇಕಾದ ಮಾತಿನ ಸುತ್ತವೇ ಇರುತ್ತವೆ. ಯಾವ ಕಾರ್ಡಿನ ದಿನ ಆ ಸುತ್ತು ಬಿತ್ತು ಎಂಬುದಕ್ಕಿಂತ ಅದೇ ಅಕ್ಷರ ಎಷ್ಟು ಸಲ ಬಂತು ಎಂಬ ಎಣಿಕೆ ಹೆಚ್ಚು ಹೇಳುತ್ತದೆ.

ಇನ್ನೊಂದು ಎಣಿಕೆ ಕಟ್ಟಿನದು. ದಿನಕ್ಕೊಂದರ ಲೆಕ್ಕದಲ್ಲಿ 48 ದಿನದಲ್ಲಿ ಬಂದುಹೋಗುವ ಬೇರೆ ಬೇರೆ ಕಾರ್ಡು ಸರಾಸರಿ 36. ಉಳಿದ ನಲವತ್ತು ಚಿಲ್ಲರೆ ಎಲೆ ಒಮ್ಮೆಯೂ ಮುಖ ತೋರಿಸಿರುವುದಿಲ್ಲ. ಅವನ್ನೆಲ್ಲ ಮುಖ ಮೇಲಾಗಿ ಬಟ್ಟೆಯ ಮೇಲೆ ಹರಡಿ, ಈ ಸಲ ಕಣ್ಣು ತೆರೆದೇ ಒಂದನ್ನು ಆರಿಸಬೇಕು: ಬರಲಿಲ್ಲವಲ್ಲ, ಸದ್ಯ, ಎಂದು ನೆಮ್ಮದಿ ಎನಿಸಿದ ಕಾರ್ಡನ್ನು. ಪ್ರಶ್ನೆ ಬರೆಯುವುದಿಲ್ಲ. ಐದು ನಿಮಿಷ ನೋಡಿ, ಹತ್ತು ನಿಮಿಷ ಬರೆದು, ಉಳಿದ 77ನ್ನು ಒಟ್ಟು ಮಾಡಿ, ಅದನ್ನು ಮೇಲೆ ಇಟ್ಟು ಅದೇ ಹತ್ತಿ ಬಟ್ಟೆಯಲ್ಲಿ ಕಟ್ಟುತ್ತೇವೆ. ರಬ್ಬರ್ ಬ್ಯಾಂಡ್ ಬೇಡ, ನಮ್ಮ ಬೇಸಿಗೆಗೆ ಅದು ಅಂಟಿಕೊಂಡು ಎಲೆಯ ಅಂಚು ಕೀಳುತ್ತದೆ. ಗಂಟು ಸಡಿಲವಾಗಿದ್ದರೆ ಸಾಕು.